ಶೀಘ್ರದಲ್ಲಿ

ನಾನು ಸತ್ತು ಒಂಬತ್ತು ತಿಂಗಳಾಯಿತು,
ಇನ್ನೂ ಪ್ರಸಾರವಾಗಿಲ್ಲ.

ದುರ್ಗದ ಕೋಟೆಯಲ್ಲಿ, ಎರಡನೇ ಬಾಗಿಲ ಹತ್ತಿರ,
ದಿನಕ್ಕೆ ಆರುನೂರು, ಊಟ ಬೇರೆ,
ಬಿದ್ದವರು ಮೂವತ್ತೆಂಟು ಜನ.
ಎದೆಗೆ ಬಾಣ ಅಂಟಿಸಿಕೊಂಡು ಮಲಗಿದ್ದೆ,
ಬೆನ್ನ ಕೆಳಗಿನ ಬಂಡೆ ಕಾದ ಹೆಂಚು.
‘ಉಸಿರಾಡಬ್ಯಾಡ್ರೋ ಹೆಣಗಳಾ’ ಎಂದು
ಮೈಕಿನಲ್ಲಿ ಕೂಗುತ್ತಿದ್ದರು.
ಗಡಿಯಾರ ಬಿಚ್ಚಿಸಿದ್ದರು, ಸರಿ,
ಮಣಿಕಟ್ಟಿನ ಬಿಳೀ ಪಟ್ಟಿ ಬಿಚ್ಚುವುದು ಹೇಗೆ?
ಪಾಳೆಯಗಾರರ ಕಾಲದ ಹೆಣವೊಂದರ ಕೈಮೇಲೆ
ಟೈಮು ಇದ್ದ ಗುರುತು.

ಅದೇ ಚಾನೆಲ್ಲಿನ ಬೇರೆ ಮಂದಿ, ಅದೇ ಬೇಸಿಗೆಯಲ್ಲಿ
ದಾವಣಗೆರೆಗೆ, ನಮ್ಮ ಮಂಡಕ್ಕಿ ಭಟ್ಟಿಗೂ ಬಂದರು.
ಸಾಕ್ಷ್ಯಚಿತ್ರ ಅಂದರು.
ಅಮ್ಮಿಗೆ ಅರ್ಧವೇ ಕೇಳಿಸಿ
‘ಯಾವ ಕೋರ್ಟಿಗೆ ಬರಬೇಕು?’ ಅಂದಳು.

‘ನಾವು ಇಲ್ಲವೇ ಇಲ್ಲ ಅಂದ್ಕೊಳ್ಳಿ’ ಎಂದರು
ಹೊಸಿಲಿಗೆ ಅಡ್ಡ ಕ್ಯಾಮೆರಾ ನಿಲ್ಲಿಸಿಕೊಂಡವರು.
ಇಲ್ಲದವರಿಗೆ ಚಹಾ ಮಾಡಿ ಕೊಟ್ಟಳು, ಎರಡು ಸಲ.
ಹೊಗೆ ಸಾಲದು ಅಂತ ಒಲೆಗೆ ಹೊಟ್ಟು ಸುರಿಸಿದರು;
ವರ್ಷವೆಲ್ಲ ಹೊಗೆಗೆ ಬೈಯುವ ಓಣಿಯಲ್ಲಿ
ಆವತ್ತೊಂದು ದಿನ ಹೊಗೆ ಕಡಿಮೆ ಬಿತ್ತು.

ಈಗ ದಿನಾ ಸಂಜೆ, ವಾರ್ತೆಗೆ ಮುಂಚೆ,
ಅರ್ಧ ನಿಮಿಷ: ‘ಶೀಘ್ರದಲ್ಲಿ ನಿರೀಕ್ಷಿಸಿ.’
ಮೊದಲು ಆನೆ, ಕತ್ತಿ, ಬಾಡಿಗೆ ಕುದುರೆ. ಅದು ನನ್ನ ನಾಟಕ.
ಆಮೇಲೆ ಬೆಂಕಿ, ಕೊಳಲು,
ಗಂಟಲು ಸರಿಮಾಡಿಕೊಂಡ ದನಿಯೊಂದು
‘ಉರಿಯಲ್ಲಿ ಅರಳುವ ಬದುಕು’ ಅನ್ನುತ್ತದೆ.
ಆಮೇಲೆ ಅಮ್ಮಿಯ ಬಲಗೈ.
ಮುಖವಿಲ್ಲ, ಬಳೆಯಿಂದ ಗುರುತು.
ಸೇರು ತುಂಬುತ್ತದೆ, ಅಂಗೈ ಬಾಯಿ ಸವರುತ್ತದೆ,
ಗಿರಾಕಿಯ ಚೀಲಕ್ಕೆ ಸುರಿಯುತ್ತದೆ,
ಕೈ ಮತ್ತೆ ರಾಶಿಯ ಕಡೆಗೆ ತಿರುಗು...
ಅಷ್ಟಕ್ಕೇ ಕತ್ತರಿ.
ಯಾವುದೋ ನದಿ, ಇನ್ಯಾರದೋ ಮಗ್ಗ.

ಮೊದಲ ದಿನ ಓಣಿಗೆ ಓಣಿಯೇ ಚಪ್ಪಾಳೆ.
ಅಮ್ಮಿ ಮಾತಾಡಲಿಲ್ಲ.
ರಾತ್ರಿ ತಟ್ಟೆಯ ಮುಂದೆ ಕೂತು ಹೇಳಿದಳು:
‘ಕೊಸರು ಹಾಕೋದನ್ನ ಕಿತ್ತಾರೆ ನೋಡು.
ಅಳೆದು ಸುರಿದಿದ್ದಷ್ಟೇ ಉಳಿಸ್ಯಾರೆ.
ನಲವತ್ತು ವರ್ಷದಾಗೆ ಒಬ್ಬರಿಗೂ
ಕೊಸರಿಲ್ಲದಂಗೆ ಕೊಟ್ಟಿಲ್ಲ ನಾನು.
ಮಂದಿ ಏನನ್ಕೊಂಡಾರು?’

ಇದು ತುಣುಕು ಅಮ್ಮಿ, ಅಂದೆ,
ಪೂರ್ತಿ ಬಂದಾಗ ಇರುತ್ತೆ.
‘ಯಾವಾಗ?’
ಶೀಘ್ರದಲ್ಲಿ.
‘ಶೀಘ್ರ ಅಂದ್ರೆ ಎಷ್ಟು?’
ಅವಳ ಲೆಕ್ಕ ಬೇರೆ. ಕಾದ ಮರಳಿಗೆ ಅಕ್ಕಿ ಬಿದ್ದು
ಒಂದು, ಎರಡು, ಮೂರು ಅನ್ನುವಷ್ಟರಲ್ಲಿ ಮಂಡಕ್ಕಿ.
ನಾಲ್ಕು ಅಂದರೆ ಸೀದ ವಾಸನೆ.

ದಸರಾ ಮುಗಿಯಿತು, ದೀಪಾವಳಿ ಹೋಯಿತು.
ಅಧಿವೇಶನದ ನೇರಪ್ರಸಾರ, ಆಮೇಲೆ ಕ್ರಿಕೆಟ್ಟು,
ಆಮೇಲೆ ಯಾರೋ ದೊಡ್ಡವರು ತೀರಿಕೊಂಡು
ಮೂರು ದಿನ ಬರೀ ವೀಣೆ.
ಅವರ ಸಾವಿಗಾಗಿ ನನ್ನ ಸಾವು ಮುಂದಕ್ಕೆ ಹೋಯಿತು.
ಫೋನು ಮಾಡಿದರೆ ‘ಹಂತದಲ್ಲಿದೆ’ ಎಂದರು.
ಯಾವ ಹಂತ ಅಂತ ಕೇಳಲು ಧೈರ್ಯ ಬರಲಿಲ್ಲ.

ಮಿರ್ಚಿ ಗಾಡಿಯ ಹಾಲಪ್ಪ ಬೇಕಂತಲೇ ಕೆಣಕುತ್ತಾನೆ:
‘ಟೀವಿಯೊಳಗೆ ಕೊಸರೇ ಹಾಕ್ಲಿಲ್ವಲ್ಲ ಖೈರುನಮ್ಮ,
ಅದು ಸರ್ಕಾರದ ಅಳತೆನಾ?’
ಅವಳು ನಗುವುದಿಲ್ಲ.
ಸೇರು ಸುರಿದು ಒಂದು ಹಿಡಿ ಹಾಕಿ,
ಅವನ ಮುಖ ನೋಡಿ,
ಇನ್ನೊಂದು ಹಿಡಿ ಹಾಕುತ್ತಾಳೆ.
ಈಗ ಎಲ್ಲರಿಗೂ ಹಾಗೆಯೇ, ಮಕ್ಕಳಿಗೂ, ಗುರುತಿಲ್ಲದವರಿಗೂ.
ಹಿಂಗಾದ್ರೆ ಉಳಿಯೋದೇನು ಅಂತ ನಾನು.
‘ಪೂರ್ತಿ ಬರೋವರೆಗೆ’ ಅಂತ ಅವಳು.

ಏಳಕ್ಕೆ ಐದು ನಿಮಿಷ. ಇಬ್ಬರೂ ಕೂರುತ್ತೇವೆ.
ಆನೆಯ ಕಾಲ ಸಂದಿಯಲ್ಲಿ
ನಾನೊಂದು ಬಿಳೀ ಪಟ್ಟಿ ಹುಡುಕುತ್ತೇನೆ.
ಕೈ ರಾಶಿಯ ಕಡೆಗೆ ತಿರುಗುವಾಗ ಅವಳು,
ಈ ಸಲವಾದರೂ ಎಂಬಂತೆ,
ಸ್ವಲ್ಪ ಮುಂದಕ್ಕೆ ಬಾಗುತ್ತಾಳೆ;
ಮಡಿಲ ಮೇಲಿನ ಬಲಗೈ
ತಾನೇ ಹಿಡಿಯಾಗುತ್ತದೆ.